ಆಂಬರ್ ಏಲ್‌ನಲ್ಲಿ ಕಬ್ಬಿಣದ ರುಚಿ

ಜೂನ್ ೧೪, ಶನಿವಾರ, ಬೆಳಿಗ್ಗೆ ಹತ್ತೂವರೆ. ಹೊಸಪೇಟೆಯಲ್ಲಿ ಜೋರು ಮಳೆ ಈಗಷ್ಟೇ ನಿಂತಿದೆ. ನಮ್ಮ ಬ್ರೂವರಿಯ ಹಿಂಬದಿಯಲ್ಲಿ ಟ್ಯಾಂಕುಗಳ ಮೇಲಕ್ಕೆ ಹತ್ತಲು ಒಂದು ಕಬ್ಬಿಣದ ಏಣಿ ಇದೆ. ಬಿಸಿಲಿಗೆ ಕಾದಿದ್ದ ಆ ಏಣಿಯ ಮೇಲೆ ಮಳೆ ಬಿದ್ದು, ಅದರ ವಾಸನೆ ಕಿಟಕಿಯಿಂದ ಒಳಗೆ ಬಂತು. ನನ್ನ ಮುಂದೆ ಆಂಬರ್ ಏಲ್ ಎಂಬ ಕೆಂಪು ಬಿಯರಿನ ಗ್ಲಾಸಿತ್ತು. ಅಂಕ ಹಾಕಬೇಕಿತ್ತು. ಗ್ಲಾಸನ್ನು ತುಟಿಗೆ ಒಯ್ಯಲು ಆಗಲಿಲ್ಲ. ಎರಡು ವರ್ಷದ ಹಿಂದಿನ ಜೂನ್ ನೆನಪಾಯಿತು. ಗ್ಲಾಸನ್ನು ಪಕ್ಕಕ್ಕಿಟ್ಟು ಇದನ್ನು ಬರೆಯಲು ಕುಳಿತಿದ್ದೇನೆ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಹಂಪಿ ನೋಡಲು ಬರುವವರು ಇಳಿದುಕೊಳ್ಳುವ ಒಂದು ಹೋಟೆಲು. ಅದರೊಳಗೇ ಬಿಯರ್ ತಯಾರಿಸುವ ಸಣ್ಣ ಬ್ರೂವರಿ. ಮೈಕ್ರೋಬಯಾಲಜಿ ಓದಿಕೊಂಡು ನಾನು ಅಲ್ಲಿನ ಲ್ಯಾಬಿಗೆ ಸೇರಿದೆ. ಪ್ರತಿ ಟ್ಯಾಂಕಿನ ಬಿಯರನ್ನೂ ಗಿರಾಕಿಗೆ ಹೋಗುವ ಮೊದಲು ನಾನು ಸವಿಯಬೇಕು. ಬಣ್ಣ, ನೊರೆ, ವಾಸನೆ, ರುಚಿ, ನುಂಗಿದ ಮೇಲೆ ಬಾಯಲ್ಲಿ ಉಳಿಯುವುದು, ಈ ಐದಕ್ಕೂ ಅಂಕ ಕೊಟ್ಟು ಸಹಿ ಹಾಕಬೇಕು. ಸವಿಯುವ ದಿನ ಬೆಳಿಗ್ಗೆ ಮಿರ್ಚಿ ತಿನ್ನುವಂತಿಲ್ಲ, ಚಹಾ ಕುಡಿಯುವಂತಿಲ್ಲ, ವಾಸನೆಯ ಸಾಬೂನು ಹಚ್ಚುವಂತಿಲ್ಲ. ಒಗ್ಗರಣೆ ಮಂಡಕ್ಕಿ ಮಿರ್ಚಿ ಇಲ್ಲದೆ ಬೆಳಗಾಗದ ಈ ಊರಿನಲ್ಲಿ ಅದೊಂದು ವ್ರತವೇ. ನಮ್ಮೂರು ಮೆಟ್ರಿಯಲ್ಲಿರುವ ಅಮ್ಮನಿಗೆ ಗೊತ್ತಿರುವುದು ಮಗಳು ಹೋಟೆಲಿನಲ್ಲಿ ನೀರು ಪರೀಕ್ಷೆ ಮಾಡುತ್ತಾಳೆ ಎಂದಷ್ಟೆ. ನಿಜ ಗೊತ್ತಿದ್ದವಳು ಅಕ್ಕ ಮಂಜುಳಾ ಒಬ್ಬಳೇ.

ಅಕ್ಕ ಮತ್ತು ಭಾವ ಊರ ಹೊರಗಿನ ಹೊಸ ಲೇಔಟಿನಲ್ಲಿದ್ದರು. ನಾನು ಬಸ್ ನಿಲ್ದಾಣದ ಹತ್ತಿರದ ಪಿಜಿಯಲ್ಲಿದ್ದೆ, ವಾರದ ರಜೆಗೆ ಅವರ ಮನೆಗೆ ಹೋಗುತ್ತಿದ್ದೆ. ಆ ಜೂನಿನಲ್ಲಿ ಅಕ್ಕನಿಗೆ ಏಳು ತಿಂಗಳು. ಹಿಂದಿನ ವರ್ಷ ಒಂದು ಮಗು ಐದನೇ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಗಿತ್ತು. ಆ ಕಾರಣಕ್ಕೆ ಈ ಸಲ ಮನೆಯವರೆಲ್ಲ ಮಗುವಿನ ಮಾತನ್ನೇ ಆಡದೆ, ಅದರ ಸುತ್ತ ಮೆಲ್ಲಗೆ ಹೆಜ್ಜೆಯಿಡುತ್ತಿದ್ದೆವು.

ಮಳೆ ಬಂದಿರಲಿಲ್ಲ. ಮೇ ತಿಂಗಳ ಬಿಸಿಲೇ ಜೂನಿಗೂ ಮುಂದುವರಿದಿತ್ತು. ಹೋಟೆಲಿನ ಬೋರ್‌ವೆಲ್ ಗಾಳಿ ಉಗುಳತೊಡಗಿದ್ದರಿಂದ ಟ್ಯಾಂಕರ್ ನೀರು ತರಿಸುತ್ತಿದ್ದೆವು. ಅಷ್ಟರಲ್ಲಿ ನೀರು ಶುದ್ಧ ಮಾಡುವ ಯಂತ್ರದ ಒಳಪೊರೆ ಕಟ್ಟಿಕೊಂಡಿತು. ಹೊಸದು ಬರುವತನಕ ಇದ್ದಿಲಿನ ಫಿಲ್ಟರ್ ಒಂದರಲ್ಲೇ ನೀರು ಹಾಯಿಸಿ ಬಿಯರ್ ಕುದಿಸಿದೆವು. ಹಾಗೆ ತಯಾರಾದದ್ದು ಆ ಆಂಬರ್ ಏಲ್. ನಮ್ಮ ಬ್ರೂವರ್ ವಿಜಯಣ್ಣನಿಗೆ ಅದು ಕೂಸಿನ ಹಾಗೆ. ಆತ ಕಂಪ್ಲಿಯವನು. ಬಾರ್ಲಿ ಹುರಿದು, ಕುದಿಯುವಾಗ ತಮ್ಮೂರಿನ ಆಲೆಮನೆಯ ಬೆಲ್ಲ ಒಂದಿಷ್ಟು ಹಾಕಿದ್ದ. ಭಾನುವಾರ ಹೋಟೆಲ್ ಮಾಲೀಕರು ಅತಿಥಿಗಳನ್ನು ಕರೆದಿದ್ದರು. ಅವರ ಮುಂದೆ ಹೊಸ ಟ್ಯಾಂಕು ತೆರೆಯುವುದೆಂದು ನಿಶ್ಚಯವಾಗಿತ್ತು.

ಸೋಮವಾರ ನಾನು ಸವಿದೆ. ಬಣ್ಣ ಚೆಂದವಿತ್ತು. ಬೆಲ್ಲದ ಪಾಕ ಎಳೆ ಬರುವ ಮೊದಲು ಹೇಗಿರುತ್ತದೋ ಹಾಗೆ. ನೊರೆ ದಟ್ಟವಾಗಿ ನಿಂತಿತ್ತು. ಮೂಗಿಗೆ ಹುರಿದ ಕಾಳು, ರೊಟ್ಟಿಯ ಸೀದ ಅಂಚು, ಹಿಂದೆ ತುಸು ಕಿತ್ತಳೆ ಸಿಪ್ಪೆ. ಮೊದಲ ಗುಟುಕಿಗೆ ಸಿಹಿ, ಆಮೇಲೆ ಹಿತವಾದ ಕಹಿ. ನುಂಗಿದೆ. ಆಗ ಬಂತು, ನಾಲಿಗೆಯ ಎರಡೂ ಬದಿಗೆ, ಹಳೇ ನಾಣ್ಯ ಬಾಯಲ್ಲಿಟ್ಟ ಹಾಗೆ. ತುಟಿ ಕಚ್ಚಿಕೊಂಡು ರಕ್ತ ಬಂದಾಗ ಇರುತ್ತದಲ್ಲ, ಆ ರುಚಿ.

"ಯಾಕವ ಸುಮಾ, ಮುಖ ಹಂಗ ಮಾಡಿದಿ? ಬೇವಿನಕಾಯಿ ಹಾಕೀನೇನು ಅದರಾಗ?" ಎಂದ ವಿಜಯಣ್ಣ.

"ಅಣ್ಣ, ಇದರಾಗ ಕಬ್ಬಿಣ ಐತ್ರಿ."

"ಕಬ್ಬಿಣ!" ಆತ ನಕ್ಕ. "ಸಂಡೂರಿನ ಗುಡ್ಡ ನಡಕೊಂಡು ಬಂದು ನನ್ನ ಟ್ಯಾಂಕಿನಾಗ ಕುಂತೈತೇನು? ನಂಗೇನೂ ಹತ್ತವಲ್ದು."

ಆತ ಅಡಿಕೆ ಜಗಿಯುವವನು. ಸಣ್ಣ ರುಚಿಗಳು ಅವನ ನಾಲಿಗೆಗೆ ಹತ್ತುವುದಿಲ್ಲವೆಂದು ಅವನೇ ಹೇಳುತ್ತಾನೆ, ಅದಕ್ಕೆಂದೇ ನನ್ನನ್ನು ಇಟ್ಟುಕೊಂಡದ್ದು. ಆದರೂ ಖಾತ್ರಿ ಮಾಡಿಕೊಳ್ಳಲು ಮೂರು ಗ್ಲಾಸಿನ ಪರೀಕ್ಷೆ ಇಟ್ಟ. ಎರಡರಲ್ಲಿ ಹಳೆಯ ಬಿಯರ್, ಒಂದರಲ್ಲಿ ಹೊಸದು. ನಾನು ಬೆನ್ನು ತಿರುಗಿಸಿ ನಿಲ್ಲಬೇಕು, ಆತ ಸುರಿದು ಅದಲುಬದಲು ಮಾಡಬೇಕು, ನಾನು ಬೇರೆಯದನ್ನು ಹುಡುಕಬೇಕು. ಹುಡುಕಿದೆ. ಮತ್ತೆ ಇಟ್ಟ, ಮತ್ತೆ ಹುಡುಕಿದೆ.

"ಹಂಗಾರ ಬೆಲ್ಲದ್ದಿರಬೇಕು," ಎಂದ. "ಆಲೆಮನಿ ಕೊಪ್ಪರಿಗಿ ಕಬ್ಬಿಣದ್ದ ಇರ್ತೈತಲ. ಅದೇನ್ ದೊಡ್ಡ ದೋಷ ಅಲ್ಲ ಬಿಡು. ಒಂದಂಕ ಕಮ್ಮಿ ಹಾಕು, ಮುಗೀತು."

ಅಂಕ ಹಾಕದೆ ಹೊರಗೆ ಬಂದೆ. ಮಧ್ಯಾಹ್ನದ ಊಟದಲ್ಲಿ ಅದೇ ರುಚಿ. ಮಜ್ಜಿಗೆಯಲ್ಲೂ ಅದೇ. ಆಗ ಮೊದಲ ಹೆದರಿಕೆ ಹುಟ್ಟಿತು. ಬಾಯಲ್ಲಿ ಲೋಹದ ರುಚಿ ಬರಲು ಹತ್ತು ಕಾರಣ ಇರುತ್ತವೆ. ಜ್ವರ, ವಸಡು, ಮಾತ್ರೆ, ಮೂತ್ರಪಿಂಡ. ಹಿಂದಿನ ವಾರ ಹಲ್ಲುನೋವಿಗೆ ಮಾತ್ರೆ ನುಂಗಿದ್ದೆ. ನಾಲಿಗೆಯಿಂದ ಅನ್ನ ಹುಟ್ಟಿಸಿಕೊಳ್ಳುವವಳಿಗೆ ನಾಲಿಗೆಯೇ ಕೆಟ್ಟರೆ? ಕನ್ನಡಿಯ ಮುಂದೆ ನಾಲಿಗೆ ಚಾಚಿ ನೋಡಿಕೊಂಡೆ. ಅಲ್ಲಿ ಏನೂ ಕಾಣಲಿಲ್ಲ, ಏನು ಕಾಣಬೇಕೆಂದೂ ನನಗೆ ಗೊತ್ತಿರಲಿಲ್ಲ.

ನಮ್ಮ ಕೆಲಸದಲ್ಲಿ ಇದಕ್ಕೊಂದು ಸಣ್ಣ ಉಪಾಯವಿದೆ. ತರಬೇತಿಯಲ್ಲಿ ಕಲಿಸಿದ್ದರು, ಅಲ್ಲಿಯವರೆಗೆ ನನಗೆ ಬೇಕಾಗಿರಲಿಲ್ಲ. ಬಾಯಿಯ ಮೇಲೆ ಅನುಮಾನ ಬಂದರೆ ಬಾಯಿಯನ್ನು ಬಿಡಬೇಕು. ಒಂದು ಹನಿಯನ್ನು ಕೈಹಿಂಬದಿಗೆ ಸವರಿ, ತಿಕ್ಕಿ, ಆರಲು ಬಿಟ್ಟು ಮೂಸಬೇಕು. ಕಬ್ಬಿಣವಿದ್ದರೆ ಅದು ಚರ್ಮದ ಎಣ್ಣೆಯ ಜೊತೆ ಸೇರಿ ವಾಸನೆ ಏಳಿಸುತ್ತದೆ. ಶಾಲೆಯ ಉಯ್ಯಾಲೆಯ ಸರಪಳಿ ಹಿಡಿದು ಆಡಿದ ಮೇಲೆ ಅಂಗೈ ನಾರುತ್ತಿತ್ತಲ್ಲ, ಅದೇ ವಾಸನೆ.

ಮಂಗಳವಾರ ಬೆಳಿಗ್ಗೆ ಆಂಬರನ್ನು ಕೈಗೆ ಸವರಿ ಮೂಸಿದೆ. ಉಯ್ಯಾಲೆಯ ಸರಪಳಿ! ಎಷ್ಟು ಸಂತೋಷವಾಯಿತೆಂದರೆ ಒಬ್ಬಳೇ ನಕ್ಕುಬಿಟ್ಟೆ. ನಾಲಿಗೆ ಸರಿಯಿತ್ತು. ವಿಜಯಣ್ಣನ ಕೈಗೂ ಸವರಿದೆ. ಆತ ಮೂಸಿದ, ಇನ್ನೊಮ್ಮೆ ಮೂಸಿದ, ಬಾಯಲ್ಲಿದ್ದ ಅಡಿಕೆ ಉಗುಳಿ ಬಂದು ಮತ್ತೆ ಮೂಸಿದ.

ಕಂಪ್ಲಿಯ ಬೆಲ್ಲವನ್ನು ಬಾಟಲಿ ನೀರಿನಲ್ಲಿ ಕರಗಿಸಿ ಸವರಿದೆ. ಬೆಲ್ಲದ ವಾಸನೆ ಬಿಟ್ಟು ಬೇರೇನಿಲ್ಲ. ಬಾರ್ಲಿಯದೂ ಹಾಗೆಯೇ. ಕೊನೆಗೆ ಕುದಿಸುವ ಕೋಣೆಯ ನಲ್ಲಿ ತಿರುಗಿಸಿ ಬರೀ ನೀರನ್ನು ಸವರಿದೆ. ಬೇರೆ ಯಾವುದರ ಮರೆಯೂ ಇಲ್ಲದ ನೀರು ಬಿಯರಿಗಿಂತ ಜೋರಾಗಿ ನಾರಿತು. ಹಿಂದಿನ ದಿನ ಹೋಟೆಲಿನ ಊಟ, ಮಜ್ಜಿಗೆಯಲ್ಲಿ ಸಿಕ್ಕಿದ್ದೂ ಇದೇ ನೀರಿನ ರುಚಿ. ಬಿಳಿ ಬಕೆಟ್ಟಿಗೆ ಹಿಡಿದು ನಿಲ್ಲಿಸಿದಾಗ ತಳದಲ್ಲಿ ತೆಳ್ಳಗೆ ಕೆಂಪು ಕೂತಿತು. ತಿಳಿ ಬಣ್ಣದ ಬಿಯರಾಗಿದ್ದರೆ ಕಣ್ಣಿಗೇ ಕಂಡುಬಿಡುತ್ತಿತ್ತು. ಆಂಬರಿನ ಕೆಂಪು ಅದನ್ನು ತನ್ನೊಳಗೆ ಮುಚ್ಚಿಟ್ಟುಕೊಂಡಿತ್ತು.

"ಟ್ಯಾಂಕರ್ ನೀರು," ಎಂದ ವಿಜಯಣ್ಣ. "ಹೊನ್ನೂರಪ್ಪಂದು."

ನನ್ನ ಸಂತೋಷ ಅಲ್ಲಿಗೆ ಮುಗಿಯಿತು. ಹೊನ್ನೂರಪ್ಪನ ನೀಲಿ ಟ್ಯಾಂಕರ್ ಹೋಟೆಲಿಗೆ ಅರ್ಧ ಇಳಿಸಿ ಮುಂದೆ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಿತ್ತು. ಅಕ್ಕನ ಲೇಔಟಿಗೆ. ಆ ಟ್ಯಾಂಕರನ್ನು ಅಕ್ಕನಿಗೆ ಗೊತ್ತುಮಾಡಿಕೊಟ್ಟವಳು ನಾನೇ.

ಆಟೋದಲ್ಲಿ ಹೋಗುವಾಗ ಬೇಡಿಕೊಂಡದ್ದು ನೆನಪಿದೆ. ನನ್ನ ತೀರ್ಪು ತಪ್ಪಾಗಲಿ. ಮೂಗೂ ಕೆಡಲಿ, ನಾಲಿಗೆಯೂ ಕೆಡಲಿ, ಕೆಲಸ ಹೋಗಲಿ. ಅಕ್ಕ ಆ ನೀರು ಕುಡಿದಿರದಿರಲಿ. ಹೊಸ ಟ್ಯಾಂಕಿನ ಕೆಲಸದಲ್ಲಿ ಮೂರ್ನಾಲ್ಕು ವಾರದಿಂದ ನಾನು ಅತ್ತ ಹೋಗಿರಲಿಲ್ಲ. ಅವರ ಲೇಔಟಿನಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕವಿತ್ತು. ಕುಡಿಯಲು ಅದನ್ನೇ ತರುತ್ತಾರೆ, ಟ್ಯಾಂಕರ್ ನೀರು ಬಳಸಲಿಕ್ಕಷ್ಟೆ ಎಂದು ನನಗೆ ನಾನೇ ಹೇಳಿಕೊಂಡೆ.

"ಬಂದ್ಲಪ್ಪ ಕುಡುಕಿ," ಎಂದಳು ಅಕ್ಕ ಬಾಗಿಲು ತೆಗೆದು. "ಇವತ್ತ ರಜಾ ಅಲ್ಲಲ್ಲ? ಜಾಸ್ತಿ ಆಗಿ ಹೊರಗ ಹಾಕಿದ್ರೇನು?"

"ಅಕ್ಕಾ, ಕುಡಿಯಾಕ ಯಾವ ನೀರು ನೀ?"

"ಕುಂದ್ರ ಮೊದಲ. ಬೆವರು ನೋಡು. ನೀರು ಕೊಡ್ತೀನಿ."

"ಯಾವ ನೀರು ಅಂತ ಕೇಳಿದೆ."

"ಘಟಕ ಕೆಟ್ಟು ಭಾಳ ದಿನ ಆತಲ್ಲೇ. ಟ್ಯಾಂಕರಿಂದು ಕಾಸಿ ಆರಿಸಿ ಗಡಿಗ್ಯಾಗ ಹಾಕಿಡ್ತೀನಿ. ಎಷ್ಟ್ ರುಚಿ ಅಂತಿ! ಹೊಸ ಮಳಿ ಬಿದ್ದ ಮಣ್ಣಿನ ವಾಸನಿ ಬರ್ತೈತಿ. ನಿಮ್ಮ ಭಾವ ಮೂಗು ಮುರೀತಾನ. ನಂಗ ಮಾತ್ರ ಚೆಂಬುಗಟ್ಟಲೆ ಸೇರ್ತೈತಿ."

ಅದು ಬಯಕೆ. ನಮ್ಮ ಕಡೆ ಬಸುರಿಯರು ಗೋಡೆಯ ಮಣ್ಣು ಕೆರೆದು ತಿನ್ನುವುದನ್ನು, ಸುಟ್ಟ ಮಡಕೆಚೂರು ಬಾಯಿಗಿಟ್ಟುಕೊಳ್ಳುವುದನ್ನು ನಾನು ಕಂಡಿದ್ದೇನೆ. ನಾನು ಯಾವುದಕ್ಕೆ ಬಿಯರಿನ ಅಂಕ ಕಳೆಯುತ್ತಿದ್ದೆನೋ ಅದೇ ಅವಳಿಗೆ ಬೇಕಾಗಿತ್ತು. ಉಳಿದವರು ಒಂದು ಗುಟುಕಿಗೆ ಮುಖ ಕಿವುಚಿ ಬಿಡುತ್ತಿದ್ದ ನೀರನ್ನು ಅವಳೊಬ್ಬಳು ಆಸೆಪಟ್ಟು ಕುಡಿದಿದ್ದಳು. ಗಡಿಗೆಯ ಒಳಗೆ ಬಗ್ಗಿ ನೋಡಿದೆ. ಮಣ್ಣಿನ ಗಡಿಗೆ ಮೊದಲೇ ಕೆಂಪು. ಅದರಲ್ಲಿ ಏನು ಕಾಣಬೇಕು?

ಅಕ್ಕನ ಕೈ ಹಿಡಿದು ಹಿಂಬದಿಗೆ ಒಂದು ಹನಿ ಸವರಿ ತಿಕ್ಕಿದೆ. "ಏನ್ ಲೇ ಇದು, ಮೆಹಂದಿ ಹಚ್ಚಿದಂಗ?" ಎಂದು ಅವಳು ನಗುತ್ತಿದ್ದಳು. ಮೂಸಿದೆ. ಸ್ವಲ್ಪ ಹೊತ್ತು ಆ ಕೈ ಬಿಡಲಾಗಲಿಲ್ಲ.

"ಕಬ್ಬಿಣ ಐತಿ ಅಕ್ಕಾ ಇದರಾಗ."

"ಛಲೋ ಆತಲ್ಲ! ಡಾಕ್ಟರಮ್ಮ ಕೊಟ್ಟ ಕಬ್ಬಿಣದ ಮಾತ್ರಿ ನುಂಗೋದು ತಪ್ಪುತು."

ನಾನು ನಗದೇ ಇದ್ದಾಗ ಅವಳ ನಗುವೂ ನಿಂತಿತು. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. "ಸುಮೀ, ಏನಾರ ಆಗತೈತೇನು ಇದಕ್ಕ?" ಎಂದಳು. ಆ ದನಿಯನ್ನು ನಾನು ಹಿಂದಿನ ವರ್ಷ ಆಸ್ಪತ್ರೆಯಲ್ಲಿ ಒಮ್ಮೆ ಕೇಳಿದ್ದೆ.

ಬರೀ ಕಬ್ಬಿಣವಾದರೆ ಇಷ್ಟು ಹೆದರಬೇಕಿಲ್ಲ ಎಂದು ಓದಿ ಗೊತ್ತಿತ್ತು. ಆದರೆ ಕಬ್ಬಿಣ ನಾನು ಪತ್ತೆಮಾಡಬಲ್ಲದ್ದು ಮಾತ್ರ. ಅದರ ಜೊತೆಗೆ ಚರ್ಮಕ್ಕೆ ಹತ್ತದ, ನಾಲಿಗೆಗೆ ಸಿಗದ ಇನ್ನೇನಾದರೂ ಬಂದಿದ್ದರೆ? ಅದನ್ನು ಅವಳಿಗೆ ಹೇಳಲಿಲ್ಲ. ಗಡಿಗೆಯನ್ನು ಹಿತ್ತಲಿಗೆ ಒಯ್ದು ಬೋರಲು ಹಾಕಿದೆ. ಭಾವನಿಗೆ ಫೋನು ಮಾಡಿದೆ. ಆತ ಪಾಳಿ ಬಿಟ್ಟು ಬರುವಾಗ ಬಾಟಲಿ ನೀರಿನ ಪೆಟ್ಟಿಗೆಗಳನ್ನು ಬೈಕಿಗೆ ಕಟ್ಟಿಕೊಂಡು ಬಂದ.

ಬುಧವಾರ ಬೆಳಿಗ್ಗೆ ಹೊನ್ನೂರಪ್ಪನ ಟ್ಯಾಂಕರ್ ಹತ್ತಿದೆ. ನಮ್ಮಪ್ಪನ ವಯಸ್ಸಿನ ಮನುಷ್ಯ, ನಾನು ಮಾವ ಎಂದು ಕರೆಯುತ್ತಿದ್ದೆ. ನೀರೆಲ್ಲಿಂದ ತರುತ್ತೀರಿ ಎಂದು ಕೇಳಿದ್ದಕ್ಕೆ ಮುಚ್ಚುಮರೆ ಮಾಡಲಿಲ್ಲ.

"ತೋಟದ ಬೋರು ಬತ್ತಿ ಹೋತವ. ಜನ ಫೋನ್ ಮ್ಯಾಲ ಫೋನ್. ಇಲ್ಲ ಅಂದ್ರ ಬೈತಾರ. ಸಂಡೂರು ದಾರ್ಯಾಗ, ಗುಡ್ಡದ ಮ್ಯಾಲ ಹಳೇ ಗಣಿ ಗುಂಡಿ ಐತಿ. ಸಮುದ್ರ ಇದ್ದಂಗ. ಬಾ, ತೋರಸ್ತೀನಿ. ತಿಳಿನೀರು."

ಹೆದ್ದಾರಿ ಬಿಟ್ಟು ಮಣ್ಣಿನ ದಾರಿಗೆ ಹೊರಳಿದ ಮೇಲೆ ಎಲ್ಲವೂ ಕೆಂಪಾಯಿತು. ಗಿಡದ ಎಲೆ, ಕಲ್ಲು, ಹಳೆಯ ಅದಿರು ಲಾರಿಯ ಮುರಿದ ಬಾಗಿಲು. ಆಕಾಶದಲ್ಲಿ ಮೋಡ ಕಟ್ಟಿತ್ತು, ಗಾಳಿ ಇರಲಿಲ್ಲ. ದಾರಿಯ ಕೊನೆಗೆ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದ ದೊಡ್ಡ ಗುಂಡಿ. ಕಾವಲುಗಾರನಿಲ್ಲ, ಬೇಲಿ ಇಲ್ಲ. ಕೆಳಗೆ ನೀರು ಅಲುಗದೆ ನಿಂತಿತ್ತು. ಮೇಲಿಂದ ಹಸಿರು, ಹತ್ತಿರ ಹೋದಷ್ಟೂ ಕಂದು. ಬ್ರೂವರಿಯವಳ ಕಣ್ಣಿಗೆ ಅದು ಆಂಬರ್ ಬಣ್ಣವೇ.

ಹಕ್ಕಿಯ ಸದ್ದು ಕೇಳಲಿಲ್ಲ. ಪಂಪಿನ ಪೈಪು ಇಳಿಬಿಟ್ಟ ಜಾಗದಿಂದ ಸ್ವಲ್ಪ ಆಚೆ, ನೀರಿನ ಅಂಚಿನಲ್ಲಿ ಡ್ರಮ್ಮುಗಳಿದ್ದವು. ತುಕ್ಕು ಹಿಡಿದು ಅರ್ಧ ಮುಳುಗಿದ್ದವು. ಕೆಲವಕ್ಕೆ ಮುಚ್ಚಳವಿತ್ತು, ಕೆಲವಕ್ಕೆ ಇರಲಿಲ್ಲ. ಒಂದರ ಮೇಲೆ ಬಿಳಿ ಅಕ್ಷರಗಳಿದ್ದ ಗುರುತಿತ್ತು, ಓದಲು ಏನೂ ಉಳಿದಿರಲಿಲ್ಲ.

"ಅವೇನು ಮಾವ?"

"ಏನೋ ಎಣ್ಣಿ ಡಬ್ಬಿ ಇರಬೇಕು."

"ಎಣ್ಣಿ ಇದ್ದಿದ್ರ ನೀರಿನ ಮ್ಯಾಲ ತೇಲಬೇಕಿತ್ತಲ್ಲ?"

ಹೊನ್ನೂರಪ್ಪ ನೀರಿನ ಮೇಲ್ಮೈಯನ್ನು ನೋಡಿದ. ಅಲ್ಲಿ ಏನೂ ತೇಲುತ್ತಿರಲಿಲ್ಲ. "ಏನಾಗಂಗಿಲ್ಲ ತಾಯಿ, ನೋಡಿಲ್ಲಿ," ಎಂದು ಕುಕ್ಕರಗಾಲಲ್ಲಿ ಕೂತು ಬೊಗಸೆ ತುಂಬಿಕೊಂಡ. ಬಾಯಿಗೆ ಒಯ್ಯುವಷ್ಟರಲ್ಲಿ ನಾನು ಓಡಿಹೋಗಿ ಅವನ ಮಣಿಕಟ್ಟು ಹಿಡಿದೆ.

"ಬ್ಯಾಡ ಮಾವ! ಬ್ಯಾಡ!"

ನನ್ನ ಕೂಗು ಗುಂಡಿಯ ಗೋಡೆಗಳಿಗೆ ಬಡಿದು ತಿರುಗಿ ಬಂತು. ನೀರು ಅವನ ಬೊಗಸೆಯಿಂದ ಸೋರಿಹೋಯಿತು. ಅವನು ನನ್ನ ಮುಖ ನೋಡಿದ, ಡ್ರಮ್ಮುಗಳ ಕಡೆ ನೋಡಿದ, ಆಮೇಲೆ ತನ್ನ ಒದ್ದೆ ಕೈಗಳನ್ನು ನೋಡಿಕೊಂಡ.

"ನಮ್ಮ ಮನ್ಯಾಗೂ ಇದನ್ನ ಇಳಿಸೀನವಾ," ಎಂದ ಮೆಲ್ಲಗೆ. "ಮೊಮ್ಮಕ್ಕಳು ಅದಾವ."

ಆವತ್ತು ಟ್ಯಾಂಕರ್ ಖಾಲಿಯೇ ವಾಪಸ್ಸಾಯಿತು. ನಾನು ಎರಡು ಬಾಟಲಿ ನೀರು ತುಂಬಿಕೊಂಡಿದ್ದೆ, ಅವು ನನ್ನ ಕಾಲ ಬಳಿ ಕುಲುಕುತ್ತಿದ್ದವು. ದಾರಿಯುದ್ದಕ್ಕೂ ಅವನು ಒಂದೇ ಮಾತಾಡಿದ. "ನಾ ಮೋಸ ಮಾಡಬೇಕು ಅಂತ ಮಾಡಿಲ್ಲ." ಊರು ತಲುಪಿದ ಮೇಲೆ ಲೇಔಟಿನ ಮನೆಮನೆಗೆ ಹೋಗಿ, ಸಂಪಿನ ನೀರು ಕುಡಿಯಬೇಡಿ ಎಂದು ತಾನೇ ಹೇಳಿದ. ಒಬ್ಬ ಹೆಂಗಸು ಅವನ ಮುಖಕ್ಕೆ ನೀರು ಎರಚಿದಳು ಎಂದು ಭಾವ ಹೇಳಿದ. ಒರೆಸಿಕೊಂಡು ಮುಂದಿನ ಮನೆಗೆ ಹೋದನಂತೆ.

ಬ್ರೂವರಿಯಲ್ಲಿ ವಿಜಯಣ್ಣ ನನಗಾಗಿ ಕಾಯುತ್ತಿದ್ದ. ಡ್ರಮ್ಮುಗಳ ವಿಷಯ ಕೇಳಿ ಅಂಕದ ಹಾಳೆ ಮುಂದಿಟ್ಟ. ಐದು ಸಾಲಿಗೂ ಒಂದೇ ಅಡ್ಡಗೆರೆ ಎಳೆದು ನಾನು ಸಹಿ ಹಾಕಿದೆ. ಕೆಳಗೆ ಅವನೂ ಹಾಕಿದ. ಮಾಲೀಕರಿಗೆ ಫೋನಿನಲ್ಲಿ, "ಹೌದ್ರಿ, ಅತಿಥಿಗಳು ಬರ್ತಾರ ಅಂತ ಗೊತ್ತೈತ್ರಿ. ಅದಕ್ಕ ಚೆಲ್ಲಾಕತ್ತೀನ್ರಿ," ಎಂದ. ಟ್ಯಾಂಕಿನ ಕೆಳಗಿನ ಕವಾಟ ತೆರೆದ. ಆಂಬರ್ ಏಲ್ ನೊರೆಯೆದ್ದು ಮೋರಿಗೆ ಹರಿಯಿತು. ಕೋಣೆಯ ತುಂಬ ಹುರಿದ ಬಾರ್ಲಿ, ಬೆಲ್ಲ, ಕಿತ್ತಳೆ. ಕೊನೆಯ ಹನಿಯವರೆಗೂ ಚೆಂದದ ವಾಸನೆ. ವಿಜಯಣ್ಣ ಅತ್ತ ತಿರುಗಿ ನಿಂತ.

ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರಮ್ಮ ಸ್ಕ್ಯಾನ್ ಮಾಡಿ, ಮಗು ಚೆನ್ನಾಗಿದೆ, ಸದ್ಯಕ್ಕೆ ಏನೂ ಕಾಣುತ್ತಿಲ್ಲ ಎಂದರು. ಅಕ್ಕ ಮೊದಲ ಮಾತು ಹಿಡಿದುಕೊಂಡಳು. ನಾನು 'ಸದ್ಯಕ್ಕೆ' ಹಿಡಿದುಕೊಂಡೆ. ಬಾಟಲಿಗಳು ಬಳ್ಳಾರಿಯ ಲ್ಯಾಬಿಗೆ ಹೋದವು. ವರದಿಯಲ್ಲಿ ಕಬ್ಬಿಣ ಮಿತಿಗಿಂತ ಹೆಚ್ಚು. ಅವರು ಪರೀಕ್ಷಿಸಿದ ಉಳಿದವೆಲ್ಲ ಮಿತಿಯೊಳಗೆ. ಪರೀಕ್ಷಿಸದೇ ಬಿಟ್ಟದ್ದು ಏನೇನು ಎಂದು ಕೇಳಿದೆ. "ಏನ್ ಹುಡುಕಬೇಕು ಅಂತ ನೀವ ಹೇಳ್ರಿ, ಹುಡುಕ್ತೀವಿ," ಎಂದರು. ನನಗೆ ಗೊತ್ತಿದ್ದರೆ ತಾನೆ ಹೇಳುವುದು? ಗಣಿಯ ವಿಷಯ ನೋಡುವ ಕಚೇರಿಗೆ ಅರ್ಜಿ ಕೊಟ್ಟು ಬಂದೆವು, ಉತ್ತರ ಇವತ್ತಿಗೂ ಬಂದಿಲ್ಲ. ಜೂನ್ ಕೊನೆಗೆ ಮಳೆ ಹಿಡಿಯಿತು. ಜುಲೈನಲ್ಲಿ ನಾನೂ ಭಾವನೂ ಮತ್ತೆ ಹೋಗಿ ನೋಡಿದಾಗ ಗುಂಡಿಯ ನೀರು ಮೇಲಿನ ಮೆಟ್ಟಿಲಿಗೆ ಏರಿತ್ತು. ಡ್ರಮ್ಮುಗಳು ಕಾಣಲಿಲ್ಲ. ಅವು ಕೆಳಗೆ ಅಲ್ಲೇ ಇದ್ದವು, ಮುಳುಗಿದ್ದವು.

ಆಗಸ್ಟಿನಲ್ಲಿ ಮಗು ಹುಟ್ಟಿತು. ಹೆಣ್ಣು. ಅತ್ತಳು, ಹಾಲು ಕುಡಿದಳು. ತೂಕ ತುಸು ಕಡಿಮೆ ಇತ್ತು, ಅಂಥ ಮಕ್ಕಳು ಎಷ್ಟೋ ಹುಟ್ಟುತ್ತವೆ ಎಂದರು. ಈಗ ಓಡಾಡುತ್ತಾಳೆ, ನನ್ನ ಚಪ್ಪಲಿ ಹಾಕಿಕೊಂಡು ಬೀಳುತ್ತಾಳೆ. ಮಾತು ಮಾತ್ರ ಇನ್ನೂ ಬಂದಿಲ್ಲ. "ನೀನೂ ತಡವಾಗೇ ಮಾತಾಡಿದ್ದು ಲೇ," ಎಂದು ಅಕ್ಕ ನನಗೆ ಹೇಳುತ್ತಾಳೆ. ಇರಬಹುದು. ಮಗುವನ್ನು ಎತ್ತಿಕೊಂಡಾಗಲೆಲ್ಲ ಅವಳ ಪುಟ್ಟ ಕೈಯ ಹಿಂಬದಿಯನ್ನು ಮೂಸುತ್ತೇನೆ. ಮುತ್ತು ಕೊಡುತ್ತಿದ್ದೇನೆ ಎಂದುಕೊಂಡು ಇನ್ನೊಂದು ಕೈಯನ್ನೂ ಚಾಚುತ್ತಾಳೆ. ಹಾಲು, ಬಿಸ್ಕತ್ತು, ಪೌಡರು. ಮನುಷ್ಯರ ಮೇಲೆ ಈ ಪರೀಕ್ಷೆ ಏನನ್ನೂ ಹೇಳುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು.

ಬರೆದು ಮುಗಿಸುವಷ್ಟರಲ್ಲಿ ಏಣಿ ಒಣಗಿದೆ. ಇವತ್ತಿನ ಆಂಬರನ್ನು ಕೈಗೆ ಸವರಿ ಮೂಸಿದೆ, ಬರೀ ಹುರಿದ ಕಾಳು. ಸವಿದು ಅಂಕ ಹಾಕಿದೆ, ಒಳ್ಳೆಯ ಅಂಕವನ್ನೇ. ಆದರೆ ಇವತ್ತಿನ ಮಳೆ ಆ ಗುಂಡಿಗೂ ಬಿದ್ದಿದೆ. ಹೊನ್ನೂರಪ್ಪ ಟ್ಯಾಂಕರ್ ಮಾರಿದ. ಅದನ್ನು ಕೊಂಡವರಿಗೆ, ಮುಂದೆ ಓಡಿಸುವವರಿಗೆ ಆ ದಾರಿಯ ವಿಷಯ ಯಾರು ಹೇಳುತ್ತಾರೆ?

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯ ಎಡಗಡೆ, ಕೆಲಸ ನಿಂತುಹೋದ ಆ ಗುಂಡಿಯಲ್ಲಿ ಹಿಂದೆ ದುಡಿದವರು ಇದನ್ನು ಓದುತ್ತಿದ್ದರೆ ನನ್ನದೊಂದು ಬೇಡಿಕೆ. ಬಿಳಿ ಅಕ್ಷರ ಬರೆದಿದ್ದ ಆ ಡ್ರಮ್ಮುಗಳಲ್ಲಿ ಏನಿತ್ತು? ನೀವು ಹೊತ್ತಿರಬಹುದು, ಲಾರಿಯಿಂದ ಇಳಿಸಿರಬಹುದು, ಇಲ್ಲವೇ ನಿಮ್ಮಪ್ಪ ಆ ಹೆಸರನ್ನು ಎಂದೋ ಹೇಳಿರಬಹುದು. ಒಂದು ಹೆಸರು ಸಿಕ್ಕರೆ ಸಾಕು, ಏನನ್ನು ಹುಡುಕಬೇಕೆಂದು ಲ್ಯಾಬಿನವರಿಗೆ ಹೇಳಬಹುದು. ಒಳ್ಳೆಯ ಸುದ್ದಿಯಾದರೂ ಸರಿ, ಕೆಟ್ಟದ್ದಾದರೂ ಸರಿ, ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಆಗಸ್ಟಿಗೆ ಅಕ್ಕನ ಮಗಳಿಗೆ ಎರಡು ತುಂಬುತ್ತದೆ. ಅದಕ್ಕೂ ಮೊದಲು ಬರೆದರೆ ಒಳ್ಳೆಯದು.